ಹೊಟ್ಟೆ ಸಣ್ಣದಾಯ್ತು, ಇನ್ನು ಮುದ್ದೆ ಉಣ್ಣೋದು ಹೆಂಗೆ?

ಪ್ರಶ್ನೆ: ನನಗೆ 36 ವರ್ಷ, ಮದ್ದೂರು ತಾಲ್ಲೂಕಿನ ಹಳ್ಳಿಯವಳು. ಎರಡು ತಿಂಗಳ ಹಿಂದೆ ಮೈಸೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. 118 ಕೆ.ಜಿ. ಇದ್ದವಳು ಈಗ 99 ಆಗಿದ್ದೇನೆ. ಹೋದ ವಾರ ಆಸೆ ತಡೆಯಲಾರದೆ ಬಸ್ಸಾರಿನ ಜೊತೆ ನಾಲ್ಕೇ ನಾಲ್ಕು ತುತ್ತು ಮುದ್ದೆ ಉಂಡೆ. ಎದೆ ನಡುವೆ ಕಲ್ಲು ಕೂತ ಹಾಗಾಯಿತು. ಇಳಿಯಲಿ ಅಂತ ನೀರು ಕುಡಿದರೆ ಇನ್ನೂ ಜಾಸ್ತಿಯಾಗಿ ನೊರೆ ನೊರೆ ವಾಂತಿಯಾಯಿತು. ಆಮೇಲೆ ವಾಂತಿ ಆಗಿಲ್ಲ, ಆದರೆ ಊಟ ಅಂದರೇ ಭಯ. ಟೀಗೆ ಬಿಸ್ಕತ್ತು ಅದ್ದಿಕೊಂಡು ಕಾಲ ತಳ್ಳುತ್ತಿದ್ದೇನೆ. ಹತ್ತು ದಿನದಿಂದ ತೂಕ ನಿಂತುಬಿಟ್ಟಿದೆ, ಕೂದಲು ಉದುರಲು ಶುರುವಾಗಿದೆ. ಬೆಳಿಗ್ಗೆ ಹಾಲು ಕರೆದು ಎದ್ದು ನಿಂತರೆ ತಲೆ ಸುತ್ತುತ್ತದೆ. ಬಿ.ಪಿ. ಮಾತ್ರೆ ಮೊದಲಿನಂತೆಯೇ ತಗೊಳ್ತಿದ್ದೇನೆ. ‘ಮುದ್ದೆ ಉಣ್ಣದೆ ಶಕ್ತಿ ಎಲ್ಲಿಂದ ಬಂದಾತು’ ಅಂತ ಅತ್ತೆ ದಿನಾ ಅನ್ನುತ್ತಾರೆ. ಮುಂದಿನ ತಿಂಗಳು ಮೈದುನನ ಮದುವೆ, ಬೀಗರೂಟ ಬೇರೆ ಇದೆ. ನಾನು ಇನ್ಮೇಲೆ ಮುದ್ದೆ ಉಣ್ಣೋಕೇ ಆಗಲ್ವಾ?

ಉತ್ತರ: ಉಣ್ಣಬಹುದು. ಆದರೆ ಈಗಲ್ಲ, ಮೊದಲಿನ ಹಾಗೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರ ಓದಿದಾಗ ಮುದ್ದೆಗಿಂತ ಮೊದಲು ನನಗೆ ಚಿಂತೆಯಾದದ್ದು ನಿಮ್ಮ ತಲೆಸುತ್ತು.

19 ಕೆ.ಜಿ. ಇಳಿದಿದ್ದೀರಿ. ಮೈ ಇಳಿದಂತೆ ರಕ್ತದೊತ್ತಡವೂ ಇಳಿಯುತ್ತದೆ. 118 ಕೆ.ಜಿ. ಇದ್ದಾಗ ಬರೆದುಕೊಟ್ಟ ಮಾತ್ರೆ ಈಗಿನ ಮೈಗೆ ಜಾಸ್ತಿಯಾಗಿರಬಹುದು. ಜೊತೆಗೆ ನೀವು ಕುಡಿಯುವ ನೀರು ಕಡಿಮೆಯಾಗಿದ್ದರೆ, ಕೂತಲ್ಲಿಂದ ಎದ್ದ ಕೂಡಲೇ ಕಣ್ಣು ಕತ್ತಲಾಗುವುದು ಸಹಜವೇ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕೂತಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ಬಿ.ಪಿ. ನೋಡಿಸಿ, ಎರಡೂ ಬರೆಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೂ ಇದೇ ಮಾತು. ಅವರಿಗಂತೂ ಆಪರೇಷನ್ ಆದ ಮೊದಲ ವಾರದಿಂದಲೇ ಮಾತ್ರೆ ಕಡಿಮೆ ಮಾಡಬೇಕಾಗಿ ಬರುತ್ತದೆ.

ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೋಗಬೇಕು. ಚೊಂಬೆತ್ತಿ ಗಟಗಟ ಕುಡಿಯುವ ಕಾಲ ಮುಗಿಯಿತು, ಗುಟುಕು ಗುಟುಕಾಗಿಯೇ ಆಗಬೇಕು. ಒಂದು ಲೀಟರ್ ಬಾಟಲಿ ಇಟ್ಟುಕೊಳ್ಳಿ. ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ, ಡೈರಿಗೆ ಹಾಲು ಹಾಕಲು ಹೋದರೆ ಅಲ್ಲಿಗೆ, ಅದು ನಿಮ್ಮ ಜೊತೆಯೇ ಬರಲಿ. ಮಧ್ಯಾಹ್ನದೊಳಗೆ ಒಂದು ಬಾಟಲಿ, ಮಲಗುವುದರೊಳಗೆ ಇನ್ನೊಂದು. ನೀರು ಮಜ್ಜಿಗೆ, ಬೇಳೆಕಟ್ಟು, ತಿಳಿಸಾರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಕಬ್ಬಿನ ಹಾಲು ಸೇರುವುದಿಲ್ಲ. ಮಂಡ್ಯದವರಿಗೆ ಇದನ್ನು ಹೇಳುವಾಗ ನನಗೇ ಸ್ವಲ್ಪ ಸಂಕಟವಾಗುತ್ತದೆ.

ಇನ್ನು ಆ ದಿನ ಏನಾಯಿತು ನೋಡೋಣ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಕ್ಕಿ, ಸುಮಾರು ಶೇ. 80ರಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ ಹಿಡಿಸುವುದು 100ರಿಂದ 150 ಮಿಲಿಲೀಟರ್, ಅಂದರೆ ಹೋಟೆಲಿನ ಸಣ್ಣ ಕಾಫಿ ಲೋಟದಷ್ಟು. ತೆಗೆದ ಭಾಗದಲ್ಲೇ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತದೆ. ಹಾಗಾಗಿ ಶುರುವಿನ ತಿಂಗಳುಗಳಲ್ಲಿ ಹಸಿವೇ ಸತ್ತಂತಿರುತ್ತದೆ. ನಿಮಗೆ ಮುದ್ದೆ ಬೇಕೆನಿಸಿದ್ದು ಹಸಿವಿನಿಂದ ಇರಲಾರದು, ಬಸ್ಸಾರಿನ ಒಗ್ಗರಣೆಯ ವಾಸನೆಯಿಂದ ಇರಬೇಕು. ಅದಕ್ಕೆ ಆಪರೇಷನ್ ಇಲ್ಲ.

ಸಾಮಾನ್ಯವಾಗಿ ಈ ಆಪರೇಷನ್ ಆದವರಿಗೆ ನಾವು ಹೇಳುವ ಮೊದಲ ಪಾಠ, ಪ್ರತಿ ತುತ್ತನ್ನೂ ಇಪ್ಪತ್ತು ಇಪ್ಪತ್ತೈದು ಸಲ ಅಗಿಯಿರಿ, ಬಾಯಲ್ಲೇ ನುಣ್ಣಗಾಗಲಿ ಎಂದು. ಊರು ಯಾವುದೇ ಇರಲಿ, ಆಹಾರ ತಜ್ಞರು ಹೇಳುವುದು ಇದನ್ನೇ. ನಮ್ಮ ಸೀಮೆಯಲ್ಲಿ ಮಾತ್ರ ಮಕ್ಕಳಿಗೆ ಎರಡು ವರ್ಷಕ್ಕೇ ಕಲಿಸುವುದು ‘ಮುದ್ದೆ ಅಗೀಬಾರ್ದು, ನುಂಗ್ಬೇಕು’ ಎಂದು! ಸಾರಿನಲ್ಲಿ ಅದ್ದಿ, ನಾಲಿಗೆಯ ಮೇಲೆ ಜಾರಿಸಿ, ಗುಳುಕ್ ಎಂದರೆ ಮುಗಿಯಿತು. ಮೊದಲಿನ ದೊಡ್ಡ ಜಠರ ಅದನ್ನು ಅರೆದುಕೊಳ್ಳುತ್ತಿತ್ತು. ಈಗಿನ ಕೊಳವೆಗೆ ಆ ಶಕ್ತಿಯೂ ಇಲ್ಲ, ಜಾಗವೂ ಇಲ್ಲ. ಬೇಗ ಬೇಗ ಬಿದ್ದ ನಾಲ್ಕು ಅಂಟು ತುತ್ತುಗಳು ಆ ಕೊಳವೆಯ ಬಾಯಿಯಲ್ಲೇ ಒಂದರ ಹಿಂದೊಂದು ಸಿಕ್ಕಿಕೊಂಡವು. ಸಿಕ್ಕಿದ್ದನ್ನು ಜಾರಿಸಲು ಮೈ ಎಂಜಲನ್ನೂ ಲೋಳೆಯನ್ನೂ ಸುರಿಸುತ್ತದೆ, ನೀವು ನೋಡಿದ ನೊರೆ ಅದೇ. ಮೇಲಿಂದ ನೀರು ಹೊಯ್ದಾಗ ಅದಕ್ಕೆ ಕೆಳಗೆ ದಾರಿಯಿಲ್ಲದೆ ಮೇಲಕ್ಕೇ ಬಂತು. ಇನ್ನೊಮ್ಮೆ ಹಾಗಾದರೆ ತಕ್ಷಣ ಊಟ ನಿಲ್ಲಿಸಿ, ಏನೂ ಕುಡಿಯಬೇಡಿ, ಎದ್ದು ಅಂಗಳದಲ್ಲಿ ನಿಧಾನ ಓಡಾಡಿ. ಹೆಚ್ಚಿನ ಸಲ ಅರ್ಧ ಗಂಟೆಯಲ್ಲಿ ತಾನೇ ಇಳಿಯುತ್ತದೆ.

ಒಂದು ಸಲದ ವಾಂತಿಗೆ ಹೆದರುವುದು ಬೇಡ. ಆದರೆ ನೀರೂ ನಿಲ್ಲದೆ ಒಂದು ದಿನ ಕಳೆದರೆ, ಎರಡು ಮೂರು ದಿನ ಬಿಡದೆ ವಾಂತಿಯಾದರೆ, ಜ್ವರ, ಎದೆಬಡಿತ ಜೋರು, ಹೊಟ್ಟೆಯಲ್ಲಿ ತೀವ್ರ ನೋವು, ಕಪ್ಪು ಮಲ, ಇವುಗಳಲ್ಲಿ ಯಾವುದಾದರೂ ಕಂಡರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಬೇಕು. ಕೊಳವೆ ಒಂದು ಕಡೆ ಕಿರಿದಾಗಿರಬಹುದು, ಬೇರೆ ತೊಂದರೆಯೂ ಇರಬಹುದು. ಇಲ್ಲಿ ಇನ್ನೊಂದು ಮಾತನ್ನು ನಿಮ್ಮ ಮನೆಯವರೂ ನೆನಪಿಡಬೇಕು. ನಮ್ಮ ಕಡೆ ವಾಂತಿ, ಸುಸ್ತು ಎಂದು ಕ್ಲಿನಿಕ್ಕಿಗೆ ಹೋದರೆ ಮೊದಲು ಏರಿಸುವುದು ಗ್ಲೂಕೋಸ್. ದಿನಗಟ್ಟಲೆ ವಾಂತಿಯಾದ ಬೇರಿಯಾಟ್ರಿಕ್ ರೋಗಿಯ, ಅಂದರೆ ತೂಕ ಇಳಿಸುವ ಆಪರೇಷನ್ ಆದವರ ಮೈಯಲ್ಲಿ ಬಿ1, ಅಂದರೆ ಥಯಾಮಿನ್ ಖಾಲಿಯಾಗಿರುತ್ತದೆ. ಮೈಯಲ್ಲಿ ಅದರ ದಾಸ್ತಾನು ಇರುವುದೇ ಎರಡು ಮೂರು ವಾರಕ್ಕಾಗುವಷ್ಟು. ಆ ಸ್ಥಿತಿಯಲ್ಲಿ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣ. ‘ನನಗೆ ಹೊಟ್ಟೆ ಕಿರಿದು ಮಾಡುವ ಆಪರೇಷನ್ ಆಗಿದೆ, ಮೊದಲು ಬಿ1 ಕೊಡಿ’ ಎಂದು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ಟೀ ಬಿಸ್ಕತ್ತಿನ ವಿಷಯ. ಅದು ನಿಮಗೆ ಸಲೀಸಾಗಿ ಇಳಿಯುತ್ತಿದೆ, ನಿಜ. ತೊಂದರೆ ಇರುವುದೂ ಅಲ್ಲೇ. ಟೀಯಲ್ಲಿ ಕರಗಿದ ಬಿಸ್ಕತ್ತು, ಬಾಯಲ್ಲಿ ಪುಡಿಯಾಗುವ ಮದ್ದೂರು ವಡೆ, ಮಿಕ್ಸ್ಚರ್, ಚಿಪ್ಸ್, ಮೈಸೂರು ಪಾಕ್ ಯಾವುದೂ ಕೊಳವೆಯಲ್ಲಿ ನಿಲ್ಲುವುದಿಲ್ಲ, ಜಾರಿ ಹೋಗುತ್ತವೆ. ಒಂದು ಮೊಟ್ಟೆ ತಿಂದರೆ ತುಂಬಿ ‘ಸಾಕು’ ಎನ್ನುವ ಹೊಟ್ಟೆ, ಅರ್ಧ ಪ್ಯಾಕೆಟ್ ಬಿಸ್ಕತ್ತಿಗೆ ಸುಮ್ಮನಿರುತ್ತದೆ. ಎರಡು ಮೂರು ವರ್ಷದ ಮೇಲೆ ‘ಮೇಡಂ, ತೂಕ ಮತ್ತೆ ಬಂತು’ ಎಂದು ಬರುವವರನ್ನು ಕೂರಿಸಿಕೊಂಡು ಕೇಳಿದರೆ, ಊಟ ಜಾಸ್ತಿ ಮಾಡಿದವರು ಸಿಗುವುದು ಅಪರೂಪ. ಇಂಥ ಜಾರುವ ತಿಂಡಿಯನ್ನು ದಿನವಿಡೀ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕಿಕೊಂಡವರೇ ಹೆಚ್ಚು. ಸಿಹಿ ಜಾಸ್ತಿಯಾದರೆ ಕೆಲವರಿಗೆ ಹತ್ತಿಪ್ಪತ್ತು ನಿಮಿಷದಲ್ಲಿ ಬೆವರು, ನಡುಕ, ಹೊಟ್ಟೆ ನುಲಿತ, ಭೇದಿ ಶುರುವಾಗುತ್ತದೆ. ಡಂಪಿಂಗ್ ಅನ್ನುತ್ತಾರೆ. ತೂಕ ಇಳಿಸುವ ಇನ್ನೊಂದು ಆಪರೇಷನ್ ಆದ ಹೊಟ್ಟೆಯ ಬೈಪಾಸ್ ಮಾಡಿಸಿಕೊಂಡವರಿಗೆ ಹೆಚ್ಚು, ಸ್ಲೀವ್‌ನವರಿಗೆ ಕಡಿಮೆ. ನನ್ನ ಕೇಳಿದರೆ ಸಿಹಿ ತಿಂದ ತಕ್ಷಣ ಡಂಪಿಂಗ್ ಆಗುವವರೇ ಒಂದು ರೀತಿಯಲ್ಲಿ ಅದೃಷ್ಟವಂತರು, ಮೈಯೇ ಬೈದು ಬುದ್ಧಿ ಹೇಳುತ್ತದೆ.

ನಿಮಗೆ ದಿನಕ್ಕೆ 60 ಗ್ರಾಂ ಪ್ರೋಟೀನು ಬೇಕು, ಸಾಧ್ಯವಾದರೆ ಇನ್ನೂ ಸ್ವಲ್ಪ ಮೇಲೆ. ಅತ್ತೆಯವರ ಮಾತಿಗೆ ಇಲ್ಲಿ ಲೆಕ್ಕ ಹಾಕಿ ಉತ್ತರ ಕೊಡಬಹುದು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನು 7 ಗ್ರಾಂ ಆಸುಪಾಸು. ಅಷ್ಟೇ ತೂಕದ ಹುರುಳಿಯಲ್ಲಿ, ಹೆಸರುಕಾಳಿನಲ್ಲಿ 22ರಿಂದ 24 ಗ್ರಾಂ. ಗದ್ದೆ ಕೆಲಸದವರ ಶಕ್ತಿ ಮುದ್ದೆಯಿಂದ ಬಂತು ಎಂದು ನಾವು ಹೇಳುತ್ತೇವೆ, ಅದರ ಜೊತೆಗಿದ್ದ ಹುರುಳಿಕಾಳಿನ ಸಾರಿನ, ಬಸ್ಸಾರಿನ ಪಲ್ಯದ ಹೆಸರು ಹೇಳುವುದೇ ಇಲ್ಲ. ಬಸ್ಸಾರು ಮಾಡಿದ ದಿನ ನಿಮಗೆ ಬೇಕಾದ ಊಟ ಆ ಅಡುಗೆಮನೆಯಲ್ಲೇ ಇತ್ತು. ಬಸಿದ ಸೊಪ್ಪು ಕಾಳಿನ ಪಲ್ಯ! ಅದನ್ನು ತಟ್ಟೆಯ ಪಕ್ಕಕ್ಕೆ ತಳ್ಳಿ ನಡುವೆ ಮುದ್ದೆ ಇಟ್ಟುಕೊಂಡಿರಿ. ಇನ್ನು ಮೇಲೆ ತಟ್ಟೆ ತಿರುಗಿಸಿ. ನಡುವೆ ಕಾಳು, ಮೊಟ್ಟೆ, ಮೀನು, ಕೋಳಿ ಅಥವಾ ಪನೀರ್. ಅದು ಮೊದಲು. ಆಮೇಲೆ ತರಕಾರಿ. ಜಾಗ ಉಳಿದರೆ ಎರಡು ಚಮಚ ಅನ್ನ ಅಥವಾ ಚೂರು ರೊಟ್ಟಿ.

ಒಂದು ದಿನದ ಲೆಕ್ಕ ಕೊಡುತ್ತೇನೆ, ನಿಮ್ಮ ಮನೆಯಲ್ಲಿ ಸಿಗುವುದರಲ್ಲೇ. ಬೆಳಿಗ್ಗೆ ಹೆಸರುಕಾಳು ನೆನೆಸಿ ರುಬ್ಬಿದ ಒಂದು ಸಣ್ಣ ದೋಸೆ, ಜೊತೆಗೆ ಒಂದು ಬೇಯಿಸಿದ ಮೊಟ್ಟೆ: 13 ಗ್ರಾಂ. ಹತ್ತೂವರೆಗೆ ಒಂದು ಲೋಟ ಹಾಲಿಗೆ ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿ, 20 ಗ್ರಾಂ ಹತ್ತಿರ ಬರುತ್ತದೆ. ಮಧ್ಯಾಹ್ನ ಮೆತ್ತಗೆ ಬೆಂದ ಕಾಳುಪಲ್ಯ ಅರ್ಧ ಬಟ್ಟಲು, ಸ್ವಲ್ಪ ಮೊಸರು: 10 ಗ್ರಾಂ. ಸಂಜೆ ಮಜ್ಜಿಗೆಗೆ ಎರಡು ಮೂರು ಚಮಚ ಹುರಿಗಡಲೆ ಹಿಟ್ಟು ಕಲಕಿ: 5 ಗ್ರಾಂ. ರಾತ್ರಿ ಮುಳ್ಳು ಬಿಡಿಸಿದ ಮೀನು ಅಥವಾ ಎಳೆ ಎಳೆಯಾಗಿ ಬಿಡಿಸಿದ ಕೋಳಿ, 60 ಗ್ರಾಂನಷ್ಟು: 12ರಿಂದ 15 ಗ್ರಾಂ. ಸೋಮವಾರ, ಶನಿವಾರ ಮಾಂಸ ಮುಟ್ಟದವರಾದರೆ ಪನೀರ್ ಇದೆ. ಒಂದು ಹೊತ್ತಿಗೆ ಇಷ್ಟೂ ಹಿಡಿಸದಿದ್ದರೆ ಹಟ ಮಾಡಬೇಡಿ, ಮುಂದಿನ ಹೊತ್ತಿಗೆ ಸರಿದೂಗಿಸಿ.

ತಿನ್ನುವ ರೀತಿ ಕಲಿಯಲು ನಾನು ಬಂದವರಿಗೆಲ್ಲ ಒಂದೇ ಪಾಠ ಮಾಡುತ್ತೇನೆ. ಒಂದು ಸಾಸರ್, ಒಂದು ಟೀ ಚಮಚ, ಎದುರಿಗೆ ಗಡಿಯಾರ. ಒಮ್ಮೆ ಮಂಡ್ಯ ಕಡೆಯ ರೈತರೊಬ್ಬರು ಡಬ್ಬಿಯಲ್ಲಿ ಮುದ್ದೆಯನ್ನೇ ತಂದಿದ್ದರು. ‘ಇದನ್ನ ಅಗಿದು ತೋರಿಸಿ’ ಎಂದೆ. ಗೋಲಿಯಷ್ಟು ಮುರಿದು ಬಾಯಿಗಿಟ್ಟರು, ಎರಡು ಸಲ ಅಗಿದರು, ಹಲ್ಲಿಗೆಲ್ಲ ಮೆತ್ತಿಕೊಂಡು ನಗು ಬಂದುಬಿಟ್ಟಿತು. ‘ಇದನ್ನ ಅಗೀತಾ ಕೂತ್ರೆ ನಮ್ಮೂರಲ್ಲಿ ಮಕ್ಕಳೂ ನಗ್ತವೆ ಮೇಡಂ’ ಎಂದರು. ನಕ್ಕರೂ ಪಾಠ ಬಿಡಲಿಲ್ಲ. ಚಮಚದ ತುದಿಯಲ್ಲಿ ಕಡಲೆಬೀಜದಷ್ಟು, ಬಾಯಲ್ಲಿಟ್ಟು ಚಮಚ ಕೆಳಗಿಡುವುದು, ನುಣ್ಣಗಾಗಿ ಇಳಿದ ಮೇಲೆಯೇ ಮತ್ತೆ ಎತ್ತುವುದು. ಚಮಚ ಕೈಯಲ್ಲೇ ಇದ್ದರೆ ಮುಂದಿನ ತುತ್ತು ತಾನಾಗಿ ತುಂಬಿಕೊಳ್ಳುತ್ತದೆ, ನೀವೇ ಗಮನಿಸಿ ನೋಡಿ. ಒಂದು ಊಟಕ್ಕೆ 20ರಿಂದ 30 ನಿಮಿಷ. ಊಟದ ಜೊತೆ ನೀರು ಬೇಡ, ಮುಗಿದು ಅರ್ಧ ಗಂಟೆ ಕಳೆದ ಮೇಲೆ ಬಾಟಲಿ ಮುಟ್ಟಿ. ಇನ್ನು ‘ಸಾಕು’ ಎಂಬ ಸೂಚನೆ. ಮೊದಲಿನಂತೆ ಹೊಟ್ಟೆ ಬಿಗಿದು ಡರ್ ಎಂದು ತೇಗು ಬರುವುದಿಲ್ಲ. ಎದೆಗೂಡಿನ ಕೆಳಗೆ ಸಣ್ಣ ಒತ್ತಡ, ಒಂದು ಬಿಕ್ಕಳಿಕೆ, ಕೆಲವರಿಗೆ ಮೂಗಿನಲ್ಲಿ ನೀರು. ಅಷ್ಟಾದ ಮೇಲೆ ಒಂದೇ ಒಂದು ತುತ್ತು ಹೆಚ್ಚಾದರೂ ಹೋದ ವಾರದ ಕಥೆಯೇ.

ಆ ಒಂದು ತುತ್ತು ಎಲ್ಲಿಂದ ಬರುತ್ತದೆ ಎಂದೂ ಬಲ್ಲೆ. ಮಕ್ಕಳು ಬಿಟ್ಟ ತಟ್ಟೆಯಿಂದ. ಅನ್ನ ಚೆಲ್ಲಬಾರದು ಎಂದು ಬೆಳೆದವರು ನಾವು, ಮನೆಮಂದಿಯ ಉಳಿಕೆಗೆಲ್ಲ ಅಮ್ಮನ ಹೊಟ್ಟೆಯೇ ಗತಿ. ನಿಮ್ಮ ಮನೆಯಲ್ಲಂತೂ ಹಸು ಇದೆ, ಉಳಿದದ್ದು ಕಲಗಚ್ಚಿನ ಬಕೆಟ್ಟಿಗೆ ಹೋಗಲಿ.

ವಿಟಮಿನ್ ಮಾತ್ರೆಗಳ ಬಗ್ಗೆ ನೀವು ಏನೂ ಬರೆದಿಲ್ಲ, ಅದೇ ಅನುಮಾನ. ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಡಿ3, ಬಿ12 ಇವು ಬರೀ ಮೂರು ತಿಂಗಳ ಕೋರ್ಸ್ ಅಲ್ಲ, ಜೀವನಪೂರ್ತಿ. ಮುಟ್ಟು ಬರುವ ಹೆಂಗಸರಿಗೆ ಕಬ್ಬಿಣ ದಿನಕ್ಕೆ 45ರಿಂದ 60 ಮಿಲಿಗ್ರಾಂ ಬೇಕಾಗುತ್ತದೆ. ಕ್ಯಾಲ್ಸಿಯಂ ಒಟ್ಟು 1200ರಿಂದ 1500 ಮಿಲಿಗ್ರಾಂ, ಆದರೆ ಒಂದೇ ಸಲಕ್ಕೆ 500–600ಕ್ಕಿಂತ ಹೆಚ್ಚು ಮೈ ಹೀರಿಕೊಳ್ಳುವುದಿಲ್ಲ, ಹಾಗಾಗಿ ಹಂಚಿಕೊಂಡು ನುಂಗಬೇಕು. ಜಠರದ ಆಮ್ಲ ಕಡಿಮೆಯಾಗಿರುವುದರಿಂದ ಸಿಟ್ರೇಟ್ ರೂಪದ್ದು ಒಳ್ಳೆಯದು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಟೀ ಕಾಫಿ ಬೇಡ. ‘ರಾಗಿಯಲ್ಲೇ ಬೇಕಾದಷ್ಟು ಕ್ಯಾಲ್ಸಿಯಂ ಇದೆಯಲ್ಲ, ಮಾತ್ರೆ ಯಾಕೆ’ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಇದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ನೀವು ಈಗ ಕುಡಿಯಬಹುದಾದ ಅಂಬಲಿಗೆ ಬೀಳುವುದು ಎರಡು ಚಮಚ ಹಿಟ್ಟು. ಮೂರು, ಆರು, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಮಂಡಿ ನೋವು, ಮೈಕೈ ನೋವು ಎಂದು ಮೆಡಿಕಲ್ ಸ್ಟೋರಿನಲ್ಲಿ ಬ್ರೂಫೆನ್, ಡೈಕ್ಲೋಫೆನಾಕ್ ತಾವೇ ಕೊಂಡು ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಗರ್ಭವೂ ಒಂದು ಹನ್ನೆರಡರಿಂದ ಹದಿನೆಂಟು ತಿಂಗಳು ನಿಲ್ಲದಂತೆ ನೋಡಿಕೊಳ್ಳಿ. ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಇದನ್ನು ಬಹಳ ಜನ ತಿಳಿದಿರುವುದಿಲ್ಲ.

ಕೂದಲು: ದೊಡ್ಡ ಆಪರೇಷನ್, ಬೇಗ ಬೇಗ ಇಳಿದ ತೂಕ, ಇವೆರಡರ ಪೆಟ್ಟು ಕೂದಲಿನಲ್ಲಿ ಕಾಣುವುದು ಎರಡು ಮೂರು ತಿಂಗಳ ಮೇಲೆ. ಆರು ತಿಂಗಳವರೆಗೆ ಉದುರಬಹುದು, ಬುಡ ಸತ್ತಿರುವುದಿಲ್ಲ, ಮತ್ತೆ ಬರುತ್ತದೆ. ಎಣ್ಣೆಗೆ, ಬಯೋಟಿನ್‌ಗೆ ದುಡ್ಡು ಸುರಿಯುವ ಮುನ್ನ ಪ್ರೋಟೀನು ಸರಿಮಾಡಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ರಕ್ತ ಪರೀಕ್ಷೆ ಮಾಡಿಸಿ. ತೂಕ ಹತ್ತು ದಿನ ನಿಂತಿತೆಂದು ಊಟ ಇನ್ನೂ ಕಡಿಮೆ ಮಾಡಬೇಡಿ. ಎಲ್ಲರಿಗೂ ಹೀಗೆ ನಡುನಡುವೆ ನಿಲ್ಲುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನೋಡಿಕೊಳ್ಳಿ, ಸಾಕು. ಡೈರಿಗೆ ನಡೆದೇ ಹೋಗಿ. ಹುಲ್ಲಿನ ಹೊರೆ, ತುಂಬಿದ ಕ್ಯಾನು ಎತ್ತುವುದಕ್ಕೆ ನಿಮ್ಮ ಸರ್ಜನ್ ಒಪ್ಪಿಗೆ ಕೇಳಿ, ಒಪ್ಪಿದ ಮೇಲೂ ಅರ್ಧ ಹೊರೆಯಿಂದ ಶುರು ಮಾಡಿ.

ಬೀಗರೂಟಕ್ಕೆ ಹೋಗಲೇಬೇಕು. ಮೈದುನನ ಮದುವೆಯಲ್ಲಿ ಅತ್ತಿಗೆ ಪಂಕ್ತಿಯಲ್ಲಿ ಕೂರದಿದ್ದರೆ ಅದೇ ಇನ್ನೊಂದು ಮಾತಾಗುತ್ತದೆ. ಹೊರಡುವ ಮುಂಚೆ ಮನೆಯಲ್ಲಿ ಮೊಟ್ಟೆಯೋ ಹಾಲೋ ಮುಗಿಸಿ. ನೀವು ಮನೆಯವರೇ ಆದ್ದರಿಂದ ಬಡಿಸುವ ಕೆಲಸ ಹಿಡಿದುಕೊಂಡರೆ ಅರ್ಧ ಒತ್ತಾಯ ಅಲ್ಲಿಗೇ ತಪ್ಪುತ್ತದೆ. ಕೂತಾಗ ಮಟನ್ ತುಂಡು, ಬೋಟಿ ಬೇಡ, ನಾರು ಇಳಿಯುವುದಿಲ್ಲ. ಕೈಮ ಉಂಡೆ ಒಂದು ಹಾಕಿಸಿಕೊಳ್ಳಿ, ಮೊದಲೇ ಕೊಚ್ಚಿದ ಮಾಂಸ, ಖಾರ ಕಡಿಮೆ ಇದ್ದರೆ ನಿಮಗೆ ಅದೇ ಸರಿ. ಅದನ್ನು ಚಮಚದಲ್ಲಿ ಮುರಿದು ಮುರಿದು, ಪಂಕ್ತಿ ಏಳುವವರೆಗೂ ತಿನ್ನುತ್ತಿರಿ. ಎಲೆಯಲ್ಲಿ ಏನೋ ಇದೆ, ಬಾಯಿ ಆಡುತ್ತಿದೆ ಎಂದರೆ ಬಡಿಸುವವರು ಮುಂದಕ್ಕೆ ಹೋಗುತ್ತಾರೆ. ‘ಯಾಕವ್ವ ಹಿಂಗೆ ಸೊರಗೋಗಿದ್ದೀಯಾ, ಸಕ್ಕರೆ ಕಾಯಿಲೆ ಬಂತಾ’ ಎಂದು ಕೇಳುವ ದೊಡ್ಡಮ್ಮಂದಿರಿಗೆ ಆಪರೇಷನ್ ವಿಷಯ ಹೇಳಲೇಬೇಕೆಂದೇನಿಲ್ಲ. ‘ಹೊಟ್ಟೆ ಸರಿಯಿರಲಿಲ್ಲ, ಡಾಕ್ಟ್ರು ಕಮ್ಮಿ ತಿನ್ನಕ್ಕೆ ಹೇಳವ್ರೆ’ ಎಂದರೆ ಅದು ಸುಳ್ಳೂ ಅಲ್ಲ.

ಮುದ್ದೆಗೆ ಬರೋಣ. ಮೂರು ತಿಂಗಳ ರಕ್ತ ಪರೀಕ್ಷೆ ಸರಿಬಂದು, ಕಾಳು, ಮೀನು, ಅನ್ನ ತೊಂದರೆಯಿಲ್ಲದೆ ಇಳಿಯುತ್ತಿವೆ ಎಂದಾದರೆ ನಿಮ್ಮ ವೈದ್ಯರನ್ನು ಕೇಳಿ ನೋಡಬಹುದು. ಅಲ್ಲಿಯವರೆಗೆ ರಾಗಿ ಬೇಕೆಂದರೆ ಮಜ್ಜಿಗೆ ಬೆರೆಸಿದ ತೆಳು ಅಂಬಲಿ. ಅದಾದ ಮೇಲೆ ಗರಿಗರಿಯಾಗಿ ಸುಟ್ಟ ತೆಳು ರಾಗಿ ರೊಟ್ಟಿಯ ಚೂರು, ಅದು ಅಂಟುವುದಿಲ್ಲ, ಅಗಿಯಲು ಬರುತ್ತದೆ. ಕೊನೆಗೆ ಮುದ್ದೆ: ನೆಲ್ಲಿಕಾಯಿಯಷ್ಟು, ಬಿಸಿಯಿರುವಾಗಲೇ, ಮಾಮೂಲಿಗಿಂತ ಸಡಿಲವಾಗಿ ತೊಳಸಿದ್ದು. ಮೊದಲು ಪಲ್ಯ ತಿಂದು, ಆಮೇಲೆ ಮಸ್ಸೊಪ್ಪಿನ ಸಾರಿನಲ್ಲಿ ಚಮಚದಿಂದ ಕಿವುಚಿ, ಕಡಲೆಬೀಜದಷ್ಟಷ್ಟೇ ಬಾಯಿಗೆ. ಮೊದಲ ಸಲ ಮನೆಯಲ್ಲೇ ಇರಲಿ, ನೆಂಟರಿಲ್ಲದ ಒಂದು ದಿನ. ಅತ್ತೆಯವರೂ ಪಕ್ಕದಲ್ಲಿ ಕೂತು ಉಣ್ಣಲಿ. ಅವರ ಮುದ್ದೆ ಮುಗಿದು ಕೈ ತೊಳೆಯುವ ಹೊತ್ತಿಗೆ ನಿಮ್ಮದಿನ್ನೂ ಅರ್ಧ ನೆಲ್ಲಿಕಾಯಿ ಉಳಿದಿದ್ದರೆ, ನೀವು ಉಣ್ಣುತ್ತಿರುವುದು ಸರಿಯಾಗಿದೆ.